ಗುಳೆಹೋದವರ ಅನ್ನ

ಮಳೆ ತಪ್ಪಿದ ವರ್ಷಗಳಲ್ಲಿ ಮುದುಕರನ್ನೂ ಎಳೆಯರನ್ನೂ ಊರಲ್ಲಿ ಬಿಟ್ಟು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೂ ದೂರದೂರದ ಅಣೆಕಟ್ಟು ಕಾಲುವೆಗಳ ಮಣ್ಣುಕೆಲಸಕ್ಕೂ ಗುಳೆಹೋಗುವುದು ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ಜನರಿಗೆ ತಲೆಮಾರುಗಳಿಂದ ಬಂದ ಕಷ್ಟವಾಗಿದೆ. ‘ಪಾಲಮೂರು ಲೇಬರು’ ಎಂಬ ಹೆಸರು ಕೃಷ್ಣೆಯ ಈ ದಡವನ್ನು ದಾಟಿ ದೇಶದ ತುಂಬ ಹಬ್ಬಿರುವುದು ಆ ಕಾರಣದಿಂದಲೇ. ಆದುದರಿಂದ ಇಲ್ಲಿ ಪರಿಚಯಿಸಹೊರಟಿರುವ ಭೋಜನವು ಸಮುದ್ರದಾಚೆಯ ಸಿಂಗಪುರದ್ದಾದರೂ, ಅದರ ಜನ್ಮವೃತ್ತಾಂತವು ಈ ಸೀಮೆಯ ಓದುಗನಿಗೆ ಪರಕೀಯವೆನಿಸಲಾರದು. ಹೈನಾನಿನ ಕೋಳಿ ಅನ್ನವೆಂಬ ಆ ಊಟವು ಗುಳೆಹೋದವರು ಕಟ್ಟಿದ ಊಟ.

ಆಂಗ್ಲರು 1819ರಲ್ಲಿ ಸಿಂಗಪುರದಲ್ಲಿ ತಮ್ಮ ವ್ಯಾಪಾರದ ಠಾಣ್ಯವನ್ನು ಸ್ಥಾಪಿಸಿದ ಮೇಲೆ ದಕ್ಷಿಣ ಚೀನದಿಂದ ಬಂದಿಳಿದ ಹೊಕ್ಕಿಯನ್, ತಿಯೊಚ್ಯೂ, ಕ್ಯಾಂಟನ್ ಪ್ರಾಂತಗಳ ಜನರು ವರ್ತಕವೃತ್ತಿ, ಕೃಷಿ, ಬಡಗಿತನ ಮೊದಲಾದ ಕಸುಬುಗಳಲ್ಲಿ ನೆಲೆಯೂರಿದ ತರುವಾಯ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಂದವರು ಹೈನಾನ್ ದ್ವೀಪದವರು. ಭಾಷೆ ಬೇರೆ, ಬಂಧುಬಲ ಕಡಿಮೆ, ಒಳ್ಳೆಯ ಕಸುಬುಗಳೆಲ್ಲ ಆಗಲೇ ಪರರ ಪಾಲು. ಹೀಗಿರಲು ಅವರಿಗೆ ಉಳಿದಿದ್ದುದು ಬಿಳಿಯರ ಮನೆಗಳ ಅಡುಗೆ, ಹಡಗಿನ ಅಡುಗೆ, ಹೋಟೆಲಿನ ಪರಿಚಾರಿಕೆ, ಕಾಫಿ ಅಂಗಡಿ ಇಷ್ಟೇ. 1942ರಲ್ಲಿ ಜಪಾನೀಯರು ನಗರವನ್ನು ವಶಪಡಿಸಿಕೊಂಡು ಬಿಳಿಯ ಯಜಮಾನರನ್ನು ಸೆರೆಗೆ ತಳ್ಳಿದಾಗ ಆ ಅಡುಗೆಯವರ ಜೀವನೋಪಾಯವೂ ಹೋಯಿತು. ಕೈಯಲ್ಲಿದ್ದ ವಿದ್ಯೆಯೊಂದನ್ನೇ ನಂಬಿ, ಯುದ್ಧದ ನಂತರ ಅವರಲ್ಲಿ ಎಷ್ಟೋ ಮಂದಿ ಸ್ವಂತ ಅಂಗಡಿಗಳನ್ನು ತೆರೆದರು.

ಈ ಊಟವನ್ನು ಮೊದಲು ಮಾರಿದವನೆಂದು ಸಿಂಗಪುರದವರು ಸ್ಮರಿಸುವುದು ವಾಂಗ್ ಯಿ ಗುವಾನ್ ಎಂಬಾತನನ್ನು. ಬಿದಿರಿನ ಅಡ್ಡೆಯ ಎರಡು ತುದಿಗೆ ಬುಟ್ಟಿಗಳನ್ನು ಕಟ್ಟಿ, ಬಾಳೆಯೆಲೆಯಲ್ಲಿ ಸುತ್ತಿದ ಅನ್ನದ ಉಂಡೆಗಳನ್ನೂ ಬೇಯಿಸಿದ ಕೋಳಿಯನ್ನೂ ಹೊತ್ತು ಬೀದಿಬೀದಿ ತಿರುಗುತ್ತಿದ್ದ ಆತನ ಶಿಷ್ಯನಾದ ಮೋ ಲೀ ಟ್ವೀಯು 1947ರಲ್ಲಿ ಮಿಡಲ್ ರೋಡಿನಲ್ಲಿ ‘ಸ್ವೀ ಕೀ’ ಎಂಬ ಭೋಜನಶಾಲೆಯನ್ನು ಆರಂಭಿಸಿದನು. ಐವತ್ತು ವರ್ಷ ನಡೆದು 1997ರಲ್ಲಿ ಮುಚ್ಚಿದ ಆ ಭೋಜನಶಾಲೆಯ ಹೆಸರನ್ನು ಹಿರಿಯರು ಇಂದಿಗೂ ಗೌರವದಿಂದ ಎತ್ತುವರು. ಮಿಡಲ್ ರೋಡ್, ಪರ್ವಿಸ್ ಬೀದಿ, ಸಿಯಾ ಬೀದಿ, ಈ ಮೂರೂ ಹೈನಾನಿನವರ ಕೇರಿಗಳು. 1940ರಲ್ಲಿ ತೆರೆದ ‘ಯೆಟ್ ಕಾನ್’ ಇದ್ದುದೂ ಪರ್ವಿಸ್ ಬೀದಿಯಲ್ಲಿಯೇ.

ಸಾಂಪ್ರದಾಯಿಕ ಅಂಗಡಿಯ ಮುಂಭಾಗದಲ್ಲಿ, ಗಾಜಿನ ಹಿಂದೆ, ಬೇಯಿಸಿದ ಇಡೀ ಕೋಳಿಗಳು ಕೊಕ್ಕೆಗಳಿಂದ ತೂಗುತ್ತಿರುವುವು. ಮಸಾಲೆಯ ಕೆಂಪೂ ಎಣ್ಣೆಯ ಹೊಳಪೂ ಇಲ್ಲದ ಆ ತೆಳುಹಳದಿಯ ಕೋಳಿಯನ್ನು ಕಂಡು, ಖಾರದ ಕೋಳಿಸಾರಿಗೂ ಜೋಳದ ರೊಟ್ಟಿಗೂ ಪಳಗಿದ ನಮ್ಮವರು ಇದರಲ್ಲೇನು ರುಚಿಯಿದ್ದೀತೆಂದು ಶಂಕಿಸುವುದು ಸಹಜವೇ. ಆದರೆ ಇಲ್ಲಿಯ ಕೌಶಲವೆಲ್ಲ ಮರೆಯಲ್ಲಿದೆ. ಉಪ್ಪಿನಿಂದ ತಿಕ್ಕಿ ತೊಳೆದು, ಹೊಟ್ಟೆಯೊಳಗೆ ಹಸಿಶುಂಠಿಯನ್ನೂ ಉಳ್ಳಾಗಡ್ಡಿಯ ತಪ್ಪಲನ್ನೂ ತುಂಬಿದ ಕೋಳಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ, ಎತ್ತಿ, ಒಳಗೆ ಸೇರಿದ ನೀರನ್ನು ಬಸಿದು, ಮತ್ತೆ ಮುಳುಗಿಸಿ, ಹೀಗೆ ಒಳಹೊರಗುಗಳು ಸಮನಾಗಿ ಕಾದ ಮೇಲೆ ನೀರನ್ನು ಎಂದಿಗೂ ಕೊತಕೊತನೆ ಕುದಿಯಗೊಡದೆ, ಕುದಿಯ ಅಂಚಿನಲ್ಲಿಯೇ ತಡೆದು, ಸುಮಾರು ಮುಕ್ಕಾಲು ಗಂಟೆ ಬೇಯಿಸುವರು. ಕುದಿ ಬಂದರೆ ಮಾಂಸ ಬಿಗಿದು ನಾರಾಗುವುದು. ಬೆಂದ ಕೂಡಲೇ ಅದನ್ನು ಹಿಮದ ನೀರಿಗೆ ಹಾಕಲಾಗಿ, ಚರ್ಮವು ಸೆಡೆತು ನುಣುಪಾಗಿ, ಅದರಡಿಯ ರಸವು ಹೆಪ್ಪುಗಟ್ಟಿ ತೆಳ್ಳನೆಯ ಪದರವಾಗಿ ನಿಲ್ಲುವುದು. ಈ ತಣಿಸುವ ಕ್ರಮವನ್ನು ಅವರು ಕ್ಯಾಂಟನಿನ ನೆರೆಹೊರೆಯವರಿಂದ ಕಲಿತರೆಂದು ಹೇಳುವುದುಂಟು. ಗಿರಾಕಿ ಬಂದಾಗ ಮಾತ್ರ ಕೋಳಿಯನ್ನಿಳಿಸಿ, ಮರದ ದಪ್ಪ ಕೊರಡಿನ ಮೇಲೆ ಅಗಲವಾದ ಭಾರಿ ಕತ್ತಿಯಿಂದ ಕತ್ತರಿಸಿ, ಸೌತೆಕಾಯಿಯ ಬಿಲ್ಲೆಗಳ ಮೇಲೆ ಹರಡಿ ಕೊಡುವರು.

ಇಷ್ಟಾದರೂ ಈ ಊಟದ ಪ್ರಾಣ ಕೋಳಿಯಲ್ಲಿಲ್ಲ, ಅನ್ನದಲ್ಲಿದೆ; ಇದರಲ್ಲಿ ನನಗೆ ಸಂದೇಹವಿಲ್ಲ. ಕೋಳಿಯ ಕೊಬ್ಬನ್ನು ಕರಗಿಸಿ, ಅದರಲ್ಲಿ ಬೆಳ್ಳುಳ್ಳಿ ಶುಂಠಿಗಳನ್ನು ಹುರಿದು, ತೊಳೆದ ಅಕ್ಕಿಯನ್ನು ಅದರಲ್ಲಿಯೇ ಬಾಡಿಸಿ, ಕೋಳಿ ಬೆಂದ ನೀರನ್ನೇ ಎಸರಾಗಿ ಹೊಯ್ದು, ಕೇದಗೆಯ ಕುಲಕ್ಕೆ ಸೇರಿದ ಪಂಡನ್ ಎಂಬ ಪರಿಮಳದೆಲೆಯ ಗಂಟನ್ನಿಟ್ಟು ಬೇಯಿಸಿದ ಆ ಅನ್ನವು ಅಗುಳು ಅಗುಳಾಗಿ ಬಿಡಿಸಿಕೊಂಡಿರಬೇಕು, ಜಿಡ್ಡೆನಿಸಬಾರದು. ಹೊಸ ಅಕ್ಕಿ ಮುದ್ದೆಯಾಗುವುದರಿಂದ ಬಲ್ಲವರು ಹಳೆಯ ಅಕ್ಕಿಯನ್ನೇ ಹುಡುಕುವರು. ಸೋನಾಮಸೂರಿಯನ್ನು ವರ್ಷವಿಟ್ಟು ಉಣ್ಣುವ ಗದ್ವಾಲ, ರಾಯಚೂರುಗಳ ಗೃಹಿಣಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಒಂದೇ ಕೋಳಿಯಿಂದ ಮಾಂಸ, ಅನ್ನಕ್ಕೆ ಎಸರು, ಒಗ್ಗರಣೆಗೆ ಕೊಬ್ಬು, ಬದಿಯಲ್ಲಿ ಕುಡಿಯಲು ಒಂದು ಬಟ್ಟಲು ತಿಳಿಸಾರು ಹೊರಡಿಸುವ ಈ ಕ್ರಮದಲ್ಲಿ, ಒಂದು ಹನಿಯನ್ನೂ ಚೆಲ್ಲದೆ ಬಾಳಿದ ಬಡವರ ಬುದ್ಧಿಯು ಸ್ಪಷ್ಟವಾಗಿ ಕಾಣುವುದು.

ಜೊತೆಗೆ ಮೂರು ವ್ಯಂಜನಗಳು: ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆಯ ಹುಳಿಗಳನ್ನು ಅರೆದ ಚಟ್ನಿ, ಅರೆದ ಶುಂಠಿ, ಕಪ್ಪಾದ ಮಂದನೆಯ ಸೋಯಾ ರಸ. ಚೀನದ ವೆನ್‌ಚಾಂಗ್ ಪ್ರದೇಶದಲ್ಲಿ ಹುಟ್ಟಿದ ಮೂಲ ಅಡುಗೆಗಿಂತ ಸಿಂಗಪುರದ್ದು ಖಾರವಾದುದು, ಮಲಯ ನಾಡಿನ ಸಹವಾಸದಿಂದ. ಮಲಾಕಾದಲ್ಲಿ ಅನ್ನವನ್ನು ಇನ್ನೂ ಉಂಡೆ ಕಟ್ಟಿಯೇ ಬಡಿಸುವರು. ಥಾಯ್‌ಲೆಂಡಿನಲ್ಲಿ ಇದೇ ಊಟ ‘ಖಾವ್ ಮನ್ ಗಾಯ್’ ಆಗಿದೆ.

1971ರಿಂದ ಮ್ಯಾಂಡರಿನ್ ಹೋಟೆಲಿನ ಬೆಲೆಬಾಳುವ ಮೇಜುಗಳನ್ನೂ ಅಲಂಕರಿಸಿದ ಈ ಅನ್ನವು ಬೀದಿಬದಿಯ ಊಟದ ಸಂತೆಗಳನ್ನು ಬಿಟ್ಟುಹೋಗಲಿಲ್ಲ; ಸಿಂಗಪುರದ ಅಂತಹ ಸಂತೆಗಳ ಸಂಸ್ಕೃತಿಯನ್ನು ಯುನೆಸ್ಕೋ 2020ರ ಡಿಸೆಂಬರಿನಲ್ಲಿ ಮಾನವಕುಲದ ಪರಂಪರೆಯೆಂದು ಅಂಗೀಕರಿಸಿತು. 2022ರ ಜೂನ್ 1ರಂದು ಮಲೇಷ್ಯವು ಕೋಳಿಯ ರಫ್ತನ್ನು ನಿಲ್ಲಿಸಿದಾಗ, ತನ್ನ ಕೋಳಿಯ ಮೂರರಲ್ಲೊಂದು ಪಾಲನ್ನು ಅಲ್ಲಿಂದಲೇ ತರಿಸುತ್ತಿದ್ದ ಆ ಪುಟ್ಟ ದೇಶವು ಮೊದಲು ಚಿಂತಿಸಿದ್ದು ಈ ಊಟದ ಗತಿಯನ್ನು.

ಕೂಲಿಗಾಗಿಯೋ ಓದಿಗಾಗಿಯೋ ನಮ್ಮ ಕಡೆಯಿಂದ ಸಿಂಗಪುರಕ್ಕೆ ಹೋಗುವವರಲ್ಲಿ ಮಾಂಸಾಹಾರಿಗಳಾದವರು ಮ್ಯಾಕ್ಸ್‌ವೆಲ್ ಸಂತೆಗೋ ಪರ್ವಿಸ್ ಬೀದಿಗೋ ಹೋಗಿ ಈ ಊಟವನ್ನು ಮಾಡಬೇಕೆಂದು ಕೋರುತ್ತೇನೆ. ಹಲಾಲ್ ಬೇಕೆನ್ನುವವರಿಗೆ ಮುಸಲ್ಮಾನರ ಅಂಗಡಿಗಳೂ ಊರ ತುಂಬ ಇವೆ. ಮೊದಲ ಎರಡು ತುತ್ತು ಅನ್ನವನ್ನು ಚಟ್ನಿ ಸೋಕಿಸದೆ ಬರಿದೇ ಉಣ್ಣಿರಿ.