ಹತ್ತು ಮೀಟರ್ ಹಿತ್ತಲು, ಅರ್ಧ ಕಿಲೋ ಟ್ರಿಗರ್

"ಸರ್ರ, ಇದು ಎಷ್ಟು ದೂರ ಹೊಡಿತೈತ್ರಿ?"

ಏರ್ ಪಿಸ್ತೂಲಿನ ಮಾತು ಬಂದಾಗಲೆಲ್ಲ ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ ಇದು. 2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಎರಡು ದಿನ ಬಿಟ್ಟು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಬಂತು. ಅಲ್ಲಿಂದೀಚೆಗೆ ತಂದೆ-ತಾಯಿಗಳು ದಾರಿಯಲ್ಲಿ ನಿಲ್ಲಿಸಿ ಕೇಳುವುದು ಹೆಚ್ಚಾಗಿದೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದು, ಎನ್‌ಸಿಸಿ ಹುಡುಗರನ್ನು ಫೈರಿಂಗಿಗೆ ಕರೆದೊಯ್ದವನು ನಾನು. ಅವರಿಗೆ ನಾನು ಹೇಳುವುದು ಇಷ್ಟೇ: ಎಷ್ಟು ದೂರ ಹೊಡೆಯುತ್ತದೆ ಎಂದು ಕೇಳಬೇಡಿ, ಪ್ರತಿ ಸಲವೂ ಒಂದೇ ಥರ ಹೊಡೆಯುತ್ತದೆಯೇ ಎಂದು ಕೇಳಿ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಪಿಸ್ತೂಲು ಆರಿಸುವ ಗುಟ್ಟೆಲ್ಲ ಈ ಎರಡನೆಯ ಪ್ರಶ್ನೆಯಲ್ಲೇ ಇದೆ.

ಆಟದ ಅಳತೆಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಶೂಟರ್ ನಿಲ್ಲುವುದು ಗುರಿಯಿಂದ 10 ಮೀಟರ್ ದೂರದಲ್ಲಿ, ಹಿಡಿಯುವುದು ಒಂದೇ ಕೈಯಲ್ಲಿ. ಗುರಿಯ ಕಾಗದ 17 ಸೆಂಟಿಮೀಟರ್ ಚೌಕ, ಅದರ ನಡುವಿನ ಕಪ್ಪು ವೃತ್ತ 59.5 ಮಿಲಿಮೀಟರ್. ಹತ್ತು ಅಂಕದ ಚುಕ್ಕೆ ಬರೀ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಈ ಚುಕ್ಕೆಗೆ 60 ಗುಂಡು ಹೊಡೆಯಲು 75 ನಿಮಿಷ. ಇಷ್ಟು ಹತ್ತಿರದ ಕಾಗದಕ್ಕೆ ತೂತು ಬೀಳಿಸಲು ಹೆಚ್ಚು ಶಕ್ತಿ ಬೇಕೇ ಇಲ್ಲ. ಅರ್ಧ ಗ್ರಾಮಿನ ಪೆಲೆಟ್ ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 3.6 ಜೂಲ್. ಕಾಗದಕ್ಕೆ ಅಷ್ಟೇ ಸಾಕು.

ನಮ್ಮ ರಾಜ್ಯದವರೂ ಈ ಆಟದಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚು ತಂದರು. ಅದೇ ವರ್ಷ ಸ್ಪೇನ್‌ನಲ್ಲಿ ಮುಖದ ಒಂದು ಪಕ್ಕಕ್ಕೆ ಪಾರ್ಶ್ವವಾಯು ಹೊಡೆಯಿತು. ಅದರಿಂದ ಎದ್ದು ಬಂದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಬೆಂಗಳೂರಿನವರೇ ಆದ ದಿವ್ಯಾ ಟಿ.ಎಸ್. 2023ರ ಮೇ ತಿಂಗಳಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ ಗೆದ್ದು, ಅದೇ ವರ್ಷದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಎರಡು ಬೆಳ್ಳಿ ತಂದರು. ಕುಕನೂರಿನ ಹುಡುಗಿಯೊಬ್ಬಳು ಇವರ ಹೆಸರು ಹೇಳಿ ಪಿಸ್ತೂಲು ಕೇಳಿದರೆ ಅದನ್ನು ಹುಡುಗಾಟಿಕೆ ಎಂದು ತಳ್ಳಿಹಾಕಬಾರದು.

ಇನ್ನು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವುದೂ ಇದೇ 4.5 ಮಿಲಿಮೀಟರಿನದು. 0.22 ಇಂಚಿನದಕ್ಕೆ ಲೈಸೆನ್ಸ್ ಬೇಕು, ಅದರ ತಂಟೆಗೇ ಹೋಗಬೇಡಿ. ಅನುಮತಿ ಇರುವ ಅಂಗಡಿಯಲ್ಲೇ, ಮನೆಯ ಹಿರಿಯರ ಹೆಸರಿನಲ್ಲಿ, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೊಟ್ಟು, ರಸೀದಿ ಪಡೆದು ಕೊಳ್ಳಿ. ಆ ರಸೀದಿಯನ್ನು ಜೋಪಾನವಾಗಿ ಇಡಿ. ಪೊಲೀಸರ ಪಿಸ್ತೂಲಿನ ಪಡಿಯಚ್ಚಿನಂತೆ ಕಾಣುವ ಮಾದರಿಗಳು ಬೇಡ. ಅದನ್ನು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತವನನ್ನು ಕಂಡು ಜನ ಹೆದರಿದರೆ ಅವರದು ತಪ್ಪಲ್ಲ. ಎಲ್ಲಿಗೆ ಒಯ್ದರೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಯೇ ಒಯ್ಯಬೇಕು.

ಪಿಸ್ತೂಲಿಗೆ ಗಾಳಿಯ ಒತ್ತಡ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಬೆಲೆಯೂ ಗುಣವೂ ನಿಲ್ಲುತ್ತವೆ. ಒಲಿಂಪಿಕ್ಸ್ ಮಟ್ಟದ ಸ್ಟೇಯರ್, ಮೊರಿನಿ, ವಾಲ್ತರ್, ಪಾರ್ಡಿನಿಗಳಿಗೆ 200 ಬಾರ್ ಒತ್ತಡದ ಗಾಳಿ ತುಂಬಿದ ಸಿಲಿಂಡರ್ ಇರುತ್ತದೆ. ಬೆಲೆ ಲಕ್ಷ ದಾಟುತ್ತದೆ. ಗಾಳಿ ತುಂಬಲು ಬೇರೆಯೇ ಪಂಪು ಬೇಕು, ಸೈಕಲ್ ಅಂಗಡಿಯ ಗಾಳಿ ನಡೆಯುವುದಿಲ್ಲ. ಹಿತ್ತಲಲ್ಲಿ ಕಲಿಯುವವರಿಗೆ ಇದು ಈಗಲೇ ಬೇಡ.

ಎರಡನೆಯದು ಕಾರ್ಬನ್ ಡೈಆಕ್ಸೈಡ್ ತುಂಬಿದ 12 ಗ್ರಾಮಿನ ಪುಟ್ಟ ಸಿಲಿಂಡರಿನದು. ನೋಡಲು ಚಂದ, ಹೊಡೆಯಲು ಸುಲಭ, ವಿದೇಶದಲ್ಲಿ ಅಗ್ಗ. ಆದರೆ ನಮ್ಮೂರಿಗೆ ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಅನಿಲ 31 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ದ್ರವವಾಗಿ ಉಳಿಯುವುದಿಲ್ಲ. ಆಮೇಲೆ ಬಿಸಿಲು ಏರಿದಂತೆ ಒಳಗಿನ ಒತ್ತಡವೂ ಏರುತ್ತಲೇ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿಯ ಆಸುಪಾಸು ಬೇಯುವ ಕೊಪ್ಪಳ ಜಿಲ್ಲೆಯಲ್ಲಿ ಬೆಳಿಗ್ಗೆ ಏಳಕ್ಕೆ ಹೊಡೆದ ಗುಂಡು ಒಂದು ಕಡೆ, ಹನ್ನೊಂದಕ್ಕೆ ಹೊಡೆದದ್ದು ಇನ್ನೊಂದು ಕಡೆ ಬೀಳುತ್ತದೆ. ಗಡಿಬಿಡಿಯಲ್ಲಿ ಒಂದರ ಹಿಂದೆ ಒಂದು ಹೊಡೆದರೆ ಸಿಲಿಂಡರ್ ತಣ್ಣಗಾಗಿ ವೇಗ ಇಳಿಯುತ್ತದೆ. ಕಲಿಯುವ ಮಗುವಿಗೆ ತಪ್ಪು ತನ್ನ ಕೈಯದೋ ಪಿಸ್ತೂಲಿನದೋ ತಿಳಿಯುವುದೇ ಇಲ್ಲ. ಸಾಲದ್ದಕ್ಕೆ ಸಿಲಿಂಡರ್ ಮುಗಿದಾಗಲೆಲ್ಲ ದೊಡ್ಡ ಊರಿನಿಂದ ತರಿಸಬೇಕು.

ಮೂರನೆಯದು ಸ್ಪ್ರಿಂಗಿನದು. ನಳಿಗೆಯನ್ನೋ ಸನ್ನೆಯನ್ನೋ ಎಳೆದು ಸ್ಪ್ರಿಂಗ್ ಬಿಗಿಯಬೇಕು. ಟ್ರಿಗರ್ ಎಳೆದಾಗ ಒಳಗಿನ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪೆಲೆಟ್ ನಳಿಗೆ ಬಿಡುವ ಮೊದಲೇ ಪಿಸ್ತೂಲು ಅದುರುತ್ತದೆ, ಆದ್ದರಿಂದ ಪ್ರತಿ ಸಲವೂ ಒಂದೇ ಹಿಡಿತ ಇರಬೇಕು. ಇದು ಕಷ್ಟ. ಆದರೂ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಬಂದೂಕು ಕೂಡ ಸ್ಪ್ರಿಂಗಿನದೇ, ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುತ್ತದೆ. ಭಾರತದಲ್ಲೇ ತಯಾರಾಗುವುದರಿಂದ ಬೆಲೆ ಕೈಗೆಟಕುತ್ತದೆ, ಬಿಡಿಭಾಗವೂ ಸಿಗುತ್ತದೆ. ಎರಡು ಎಚ್ಚರಿಕೆ ಇರಲಿ. ಪೆಲೆಟ್ ಇಲ್ಲದೆ ಖಾಲಿ ಟ್ರಿಗರ್ ಎಳೆಯಬಾರದು, ಪಿಸ್ಟನ್‌ಗೆ ಏಟು ಬಿದ್ದು ಸೀಲ್ ಹಾಳಾಗುತ್ತದೆ. ಗಾಳಿ ಒತ್ತುವ ಕೋಣೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಡಬಾರದು, ಒತ್ತಡದ ಕಾವಿಗೆ ಎಣ್ಣೆ ಹೊತ್ತಿಕೊಂಡು ಢಂ ಎನ್ನುತ್ತದೆ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮೆಚ್ಚು. ಇದರಲ್ಲಿ ಒಮ್ಮೆ ಸನ್ನೆ ಎಳೆದು ಮುಚ್ಚಿದರೆ ಒಂದು ಗುಂಡಿಗೆ ಬೇಕಾದಷ್ಟು ಗಾಳಿ ಒಳಗೆ ಸೇರುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದುರುವುದು ಇಲ್ಲವೆಂದೇ ಹೇಳಬೇಕು. ಸಿಲಿಂಡರ್ ಬೇಡ, ಪಂಪು ಬೇಡ. ರಷ್ಯಾದ ಬೈಕಾಲ್ ಇಜ್-46ಎಂ, ಜರ್ಮನಿಯ ವೈರೌಖ್ ಎಚ್‌ಡಬ್ಲ್ಯೂ 40, ಅದರ ಅಗ್ಗದ ಸೋದರನಂತಿರುವ ಬೀಮನ್ ಪಿ17 ಈ ಜಾತಿಯವು. ಶಕ್ತಿ ಕಡಿಮೆ ಎಂದು ಅಂಗಡಿಯವರು ಮೂಗು ಮುರಿಯಬಹುದು, ಆದರೆ ಹಿತ್ತಲಿನಲ್ಲಿ ಅದೇ ಇದರ ದೊಡ್ಡ ಗುಣ. ಸೀಲ್ ಮುಂದೆ ಸಿಗುತ್ತದೆ ಎಂಬ ಭರವಸೆ ಇದ್ದು, ನಿಮ್ಮ ಕೈಗೆಟಕುವ ಬೆಲೆಗೆ ಬಂದರೆ ಇದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ದೇಶೀ ಸ್ಪ್ರಿಂಗಿನದು. ಬಿಡಿಭಾಗದ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆಯೇ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು. ರಿಪೇರಿಗೆ ಹೋದ ಸಮಯ ವಾಪಸು ಬರಲಿಲ್ಲ, 12ನೇ ಸ್ಥಾನಕ್ಕೆ ಇಳಿದು ಫೈನಲ್ ತಪ್ಪಿತು. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೇ ಹೀಗಾದರೆ ಸಾವಿರಗಳ ಯಂತ್ರಕ್ಕೆ ಸ್ಪ್ರಿಂಗು, ಸೀಲು ಎಲ್ಲಿ ಸಿಗುತ್ತವೆ ಎಂದು ಮೊದಲೇ ಕೇಳಿಡುವುದು ಜಾಣತನ.

ಅಂಗಡಿಗೆ ಹೋದಾಗ ಟ್ರಿಗರ್ ನೋಡದೆ ದುಡ್ಡು ಎಣಿಸಬೇಡಿ. ಸ್ಪರ್ಧೆಯ ನಿಯಮದಲ್ಲಿ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಮ್ ತೂಕ ತಡೆಯಬೇಕು. ಅಗ್ಗದ ಪಿಸ್ತೂಲುಗಳಲ್ಲಿ ಇದು ಎರಡು ಕಿಲೋವರೆಗೂ ಹೋಗುತ್ತದೆ. ಅಷ್ಟು ಬಿಗಿ ಇದ್ದರೆ ಬೆರಳಿನ ಜೊತೆ ಇಡೀ ಮಣಿಕಟ್ಟೇ ಎಳೆದುಕೊಂಡು ಬರುತ್ತದೆ. ಇದನ್ನು ಅಳೆಯಲು ಕೊಕ್ಕೆಯಿರುವ ಪುಟ್ಟ ಸ್ಪ್ರಿಂಗ್ ತಕ್ಕಡಿ ಸಾಕು. ಪೆಲೆಟ್ ಹಾಕಿ, ನಳಿಗೆಯನ್ನು ಮರಳಿನ ಚೀಲಕ್ಕೆ ಒತ್ತಿದಂತೆ ನೇರ ಕೆಳಗೆ ಹಿಡಿಯಿರಿ. ಟ್ರಿಗರ್‌ಗೆ ದಾರ ಕಟ್ಟಿ, ಆ ದಾರವನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಅಂಗಡಿಯಲ್ಲಿ ತೂಕದ ಕಲ್ಲು ಮಾತ್ರ ಇದ್ದರೆ, ನಳಿಗೆ ಮೇಲ್ಮುಖ ಮಾಡಿ ಟ್ರಿಗರ್‌ಗೆ ಕಲ್ಲು ತೂಗುಹಾಕುವ ಪರೀಕ್ಷೆಯನ್ನು ಅಂಗಡಿಯವರ ಕೈಯಿಂದಲೇ, ಅವರ ರೇಂಜಿನಲ್ಲಿ ಮಾಡಿಸಿ. ಅಂಕಿಗಿಂತ ಮುಖ್ಯವಾದದ್ದು ಬೆರಳಿಗೆ ತಿಳಿಯುತ್ತದೆ: ಮೊದಲು ಸಡಿಲವಾಗಿ ಒಂದಿಷ್ಟು ಸರಿದು, ಒಂದು ಕಡೆ ನಿಂತು, ಆಮೇಲೆ ಗಾಜಿನ ಕಡ್ಡಿ ಮುರಿದಂತೆ ಚಟ್ಟನೆ ಬಿಡಬೇಕು. ಮರಳಿನ ಮೇಲೆ ಎಳೆದಂತೆ ಕರಕರ ಎಂದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಆಮೇಲೆ ಸೈಟ್. ಎನ್‌ಸಿಸಿಯವರು ಬ್ಯಾಕ್‌ಸೈಟ್, ಫೋರ್‌ಸೈಟ್ ಎನ್ನುವ ಹಿಂದಿನ ಖಾಚಿಗೂ ಮುಂದಿನ ಮೊಳೆಗೂ ನಡುವೆ ಅಂತರ ಎಷ್ಟಿದೆ ಎಂದು ಪಟ್ಟಿ ಇಟ್ಟು ಅಳೆಯಿರಿ. ಅಂತರ 20 ಸೆಂಟಿಮೀಟರ್ ಇದ್ದರೆ, ಮೊಳೆ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 10 ಮೀಟರ್ ಆಚೆ ಗುಂಡು 50 ಮಿಲಿಮೀಟರ್ ತಪ್ಪುತ್ತದೆ. ಅಂತರ 35 ಸೆಂಟಿಮೀಟರ್ ಇದ್ದರೆ ಅದೇ ತಪ್ಪಿಗೆ 29 ಮಿಲಿಮೀಟರ್ ಅಷ್ಟೇ. ಗಿಡ್ಡ ಪಿಸ್ತೂಲು ಜೇಬಿಗೆ ಚಂದ, ಗುರಿಗಲ್ಲ. ಬ್ಯಾಕ್‌ಸೈಟನ್ನು ತಿರುಪು ತಿರುವಿ ಮೇಲೆ-ಕೆಳಗೆ, ಎಡ-ಬಲ ಸರಿಸುವಂತಿರಬೇಕು. ಎಡಗೈಯವರಿದ್ದರೆ ಹಿಡಿ ನೋಡಿಕೊಳ್ಳಿ. ತೂಕ ಒಂದು ಕಿಲೋ ಆಸುಪಾಸು ಇರುತ್ತದೆ. ಮಗು ಒಂದು ಲೀಟರ್ ನೀರಿನ ಬಾಟಲಿಯನ್ನು ತೋಳು ಚಾಚಿ ಅಲುಗದೆ ಹಿಡಿಯಬಲ್ಲದೇ ಎಂದು ಮನೆಯಲ್ಲೇ ನೋಡಿ. ಆಗದಿದ್ದರೆ ಮೊದಲ ಅಭ್ಯಾಸ ಬಾಟಲಿಯಿಂದಲೇ ಆಗಲಿ.

ಪೆಲೆಟ್ ಸೀಸದ್ದೇ ಇರಲಿ, ಮುಂದಿನ ತುದಿ ಚಪ್ಪಟೆ ಇರಲಿ. ಕಾಗದದಲ್ಲಿ ಅದು ಕತ್ತರಿಸಿದಂತೆ ದುಂಡನೆಯ ತೂತು ಬೀಳಿಸುತ್ತದೆ, ಅಂಕ ಎಣಿಸಲು ತಕರಾರಿಲ್ಲ. ಉಕ್ಕಿನ ಗೋಲಿ ಹೊಡೆಯುವ ಪಿಸ್ತೂಲು ಬೇಡವೇ ಬೇಡ. ನಮ್ಮ ಕಡೆಯ ಹಿತ್ತಲೆಂದರೆ ಕಲ್ಲಿನ ಗೋಡೆ, ಕಲ್ಲಿನ ಚಪ್ಪಡಿ, ಕಲ್ಲಿನ ದೋಣಿ. ಕಲ್ಲಿಗೆ ತಾಗಿದ ಉಕ್ಕಿನ ಗೋಲಿ ಬಂದ ದಾರಿಯಲ್ಲೇ ಮರಳಿ ಕಣ್ಣಿಗೆ ಬರಬಹುದು.

ಹಾಗಾಗಿ ಪಿಸ್ತೂಲಿಗಿಂತ ಮೊದಲು ತಡೆ ಕಟ್ಟಿ. ಖಾಲಿ ಗೊಬ್ಬರದ ಚೀಲಗಳಿಗೆ ಕಲ್ಲು ಸೋಸಿದ ಮರಳು ತುಂಬಿ ಗೋಡೆಗೆ ಒತ್ತಿ ಎರಡು ಸಾಲು ಪೇರಿಸಿದರೆ ಪೆಲೆಟ್ ಅಲ್ಲೇ ಹೂತುಕೊಳ್ಳುತ್ತದೆ. ತಡೆಯು ಗುರಿಯ ಕಾಗದಕ್ಕಿಂತ ಎಲ್ಲ ಕಡೆಯೂ ಬಹಳ ಅಗಲವಾಗಿರಲಿ, ಕಲಿಯುವವರ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ. ಗುರಿಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು. ಹಿಂದೆ ಓಣಿ, ದನದ ಕೊಟ್ಟಿಗೆ, ಪಕ್ಕದ ಮನೆಯ ಬಚ್ಚಲು ಇರಬಾರದು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ. ಹೊಡೆಯುವವರಿಗೂ ಪಕ್ಕದಲ್ಲಿ ನಿಂತವರಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗಟ್ಟಿ ಕನ್ನಡಕ ಇರಲಿ. ಸೀಸ ವಿಷ. ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಟ ಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು. ಹಿತ್ತಲಲ್ಲಿ ಕೋಳಿ ಇದ್ದರೆ ಬಿದ್ದ ಪೆಲೆಟ್ಟನ್ನೆಲ್ಲ ಆರಿಸಿ. ಕಲ್ಲಿನ ಹರಳೆಂದು ಅವು ಹೆಕ್ಕಿ ನುಂಗುತ್ತವೆ.

ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಕೆಲವರು ಕೇಳುವುದು ಮಗಳ ಆಟಕ್ಕಲ್ಲ, ಹೊಲಕ್ಕೆ ನುಗ್ಗುವ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ. ನಮ್ಮ ಎರೆ ಹೊಲಗಳಲ್ಲಿ ಚಿಗರಿ ಹಿಂಡು ಇಳಿದರೆ ಕಡಲೆ ಬೆಳೆದವನಿಗೆ ಆಗುವ ನೋವು ನನಗೆ ಗೊತ್ತು. ಅದಕ್ಕೆ ಅರಣ್ಯ ಇಲಾಖೆಯಲ್ಲಿ ಬೆಳೆ ಪರಿಹಾರದ ಅರ್ಜಿ ಕೊಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗಕ್ಕೂ ನವಿಲಿಗೂ ಮೊದಲ ಪಟ್ಟಿಯ ರಕ್ಷಣೆ ಇದೆ, ಹೊಡೆದರೆ ಜೈಲು. ಅದಕ್ಕಿಂತ ಮಿಗಿಲಾಗಿ, ಏರ್ ಪಿಸ್ತೂಲಿನ ಏಟು ಚಿಗರಿಯಂಥ ಪ್ರಾಣಿಯನ್ನು ಕೂಡಲೇ ಕೊಲ್ಲುವುದಿಲ್ಲ, ಕೀವು ಕಟ್ಟಿಸಿ ನರಳಿಸುತ್ತದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಹಕ್ಕಿಗಳನ್ನು ಉಳಿಸಲೆಂದೇ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು, ಜನ ತಾವಾಗಿಯೇ ತಂದು ಒಪ್ಪಿಸಿದರು. ಜೀವದ ಮೇಲೆ ಗುರಿ ಇಡುವ ಮನಸ್ಸಿದ್ದವರಿಗೆ ನಾನು ಯಾವ ಪಿಸ್ತೂಲಿನ ಹೆಸರನ್ನೂ ಹೇಳುವುದಿಲ್ಲ.

ಕೊಳ್ಳುವ ಮೊದಲು ಒಮ್ಮೆ ಹುಬ್ಬಳ್ಳಿಗೆ ಹೋಗಿ ಬನ್ನಿ. ಅಲ್ಲಿ ಶೂಟಿಂಗ್ ತರಬೇತಿ ನಡೆಯುತ್ತದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿ–ಹುಬ್ಬಳ್ಳಿ ರೈಲು ಶುರುವಾದ ಮೇಲೆ ಕುಕನೂರಿನಿಂದಲೇ ಹತ್ತಬಹುದು. ಮಗು ಅಲ್ಲಿ ತರಬೇತುದಾರರ ಎದುರು ಪಿಸ್ತೂಲು ಹಿಡಿದು ನೋಡಲಿ, ಯಾವ ಹಿಡಿ ಕೈಗೆ ಕೂರುತ್ತದೆ, ಸನ್ನೆ ಎಳೆಯಲು ತೋಳಿನಲ್ಲಿ ಬಲವಿದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಮನೆಗೆ ಬಂದು ಹಿತ್ತಲಿಗೆ ಟೇಪು ಹಿಡಿಯಿರಿ. ಹತ್ತು ಮೀಟರ್ ಉದ್ದ, ಮರಳು ಚೀಲದ ತಡೆ, ಅಗಳಿ ಹಾಕುವ ಬಾಗಿಲು, ಬೀಗವಿರುವ ಟ್ರಂಕು, ಪ್ರತಿ ಸಲವೂ ಜೊತೆಗೆ ನಿಲ್ಲುವ ಹಿರಿಯರೊಬ್ಬರು. ಇವು ಐದೂ ಇದ್ದರೆ ಧಾರಾಳವಾಗಿ ಕೊಡಿಸಿ. ಒಂದು ಕಡಿಮೆಯಾದರೂ ಆ ದುಡ್ಡನ್ನು ಹುಬ್ಬಳ್ಳಿಯ ತರಬೇತಿಗೆ ಕಟ್ಟಿ.