ಹೊಗೆ ಬರುವ ಹೊತ್ತು ನೋಡಿ

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಮಾತ್ರ ಅದಿನ್ನೂ ದುಡಿಯುತ್ತಿದೆ. ಇಂಥ ಹಳೆಯ ಕಾರಿನ ಸೈಲೆನ್ಸರಿನಿಂದ ಒಂದಿಷ್ಟು ನೀಲಿ ಹೊಗೆ ಬಂದರೆ ಸಾಕು, ‘ಇಂಜಿನ್ ಹೋಯ್ತು, ಬೋರ್ ಮಾಡಿಸ್ಬೇಕು’ ಎನ್ನುವವರೇ ಹೆಚ್ಚು. ಎಷ್ಟೋ ಸಲ ಇದು ಅವಸರದ ಮಾತು. ಹೊಗೆಯ ಬಣ್ಣ ನೋಡಿದರೆ ಏನು ಉರಿಯುತ್ತಿದೆ ಎಂದಷ್ಟೇ ಗೊತ್ತಾಗುತ್ತದೆ. ಅದು ಎಲ್ಲಿಂದ ಸೋರಿ ಬಂತು ಎಂದು ತಿಳಿಯಬೇಕಾದರೆ ಹೊಗೆ ಕಾಣಿಸಿಕೊಳ್ಳುವ ಹೊತ್ತನ್ನು ಗಮನಿಸಬೇಕು.

ಮೊದಲು ನಿರಪಾಯದ ಹೊಗೆಯನ್ನು ಪಕ್ಕಕ್ಕಿಡೋಣ. ಪೆಟ್ರೋಲ್ ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಗಾಡಿ ಸ್ಟಾರ್ಟ್ ಮಾಡಿದಾಗ ಕಾಣುವ ತೆಳು ಬಿಳಿ ಹೊಗೆ ಆ ನೀರಿನ ಆವಿಯೇ. ಸೈಲೆನ್ಸರ್ ಬಿಸಿಯಾದಂತೆ ಕರಗಿಹೋಗುತ್ತದೆ.

ನೀಲಿ ಹೊಗೆ ಬೇರೆ ಕತೆ. ಅದು ಇಂಜಿನ್ ಆಯಿಲಿನ ಹೊಗೆ. ಅರೆಬೆಂದ ಎಣ್ಣೆಯ ಅತಿ ಸಣ್ಣ ಹನಿಗಳು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಚದುರಿಸುವುದರಿಂದ ಈ ಬಣ್ಣ. ಆಯಿಲ್ ಉರಿಯುವ ಜಾಗಕ್ಕೆ ನುಸುಳಲು ಮುಖ್ಯವಾಗಿ ಎರಡು ದಾರಿಗಳಿವೆ. ಕೆಳಗಿನಿಂದ, ಸವೆದ ಪಿಸ್ಟನ್ ರಿಂಗುಗಳ ಸಂದಿಯಲ್ಲಿ. ಮೇಲಿನಿಂದ, ವಾಲ್ವ್ ಕಡ್ಡಿಯ ಗುಂಟ. ಪ್ರತಿ ಪಿಸ್ಟನ್ನಿಗೆ ಮೂರು ರಿಂಗು: ಮೇಲಿನ ಎರಡು ಒತ್ತಡವನ್ನು ಹಿಡಿದಿಡುತ್ತವೆ, ಕೆಳಗಿನದು ಸಿಲಿಂಡರ್ ಗೋಡೆಯ ಆಯಿಲನ್ನು ಕೆರೆದು ಇಳಿಸುತ್ತದೆ. ವಾಲ್ವ್ ಕಡ್ಡಿಗೆ ಕಾವಲಿರುವುದು ಒಂದು ಪುಟ್ಟ ರಬ್ಬರ್ ಸೀಲ್. ವರ್ಷಗಟ್ಟಲೆ ಕಾದು ಕಾದು ಅದು ಗಟ್ಟಿಯಾಗಿ ಬಿರಿಯುತ್ತದೆ.

ಎರಡರಲ್ಲಿ ತಪ್ಪು ಯಾವುದರದ್ದು? ಆಗುಂಬೆ ಘಾಟಿಯನ್ನೇ ಪ್ರಯೋಗಶಾಲೆ ಮಾಡಿಕೊಳ್ಳಬಹುದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರಿನಲ್ಲೇ ಸೋಮೇಶ್ವರದತ್ತ ಇಳಿಯುವಾಗ ಗಾಳಿಯ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ, ಚಕ್ರಗಳು ಮಾತ್ರ ಇಂಜಿನನ್ನು ತಿರುಗಿಸುತ್ತಲೇ ಇರುತ್ತವೆ. ಒಳಗೆ ಹೀರುವ ಬಲ ಏರಿ, ಬಿರಿದ ಸೀಲಿನ ಮೂಲಕ ಆಯಿಲ್ ಹನಿಹನಿಯಾಗಿ ಇಳಿದು ಶೇಖರವಾಗುತ್ತದೆ. ಬುಡ ತಲುಪಿ ಹೆಬ್ರಿಯ ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದ ಕ್ಷಣ ಭುಸ್ಸೆಂದು ನೀಲಿ ಹೊಗೆ ಬಂದು, ಆಮೇಲೆ ಎಲ್ಲ ಶುಭ್ರವಾದರೆ ಅನುಮಾನ ವಾಲ್ವ್ ಸೀಲಿನ ಮೇಲೆ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಮೊದಲ ಸಲ ಮಾತ್ರ ಹೊಗೆಯುಗುಳಿದರೂ ಅದೇ. ಅದೇ ಘಾಟಿಯನ್ನು ಹತ್ತುವಾಗ, ಭಾರ ಬಿದ್ದಷ್ಟು ಹೊತ್ತೂ ಹೊಗೆ ಬಿಡದೆ ಬಂದರೆ, ಪಿಕಪ್ಪೂ ಕುಸಿದಿದ್ದರೆ, ರಿಂಗಿನತ್ತ ನೋಡಬೇಕು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಹೊರಡುವುದು ಇದಕ್ಕೆ ಇನ್ನೊಂದು ಸಾಕ್ಷಿ.

ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ. ರಿಂಗು, ಬೋರ್ ಎಂದರೆ ಇಡೀ ಇಂಜಿನ್ ಬಿಚ್ಚುವ ಕೆಲಸ. ಸೀಲನ್ನಾದರೆ, ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಕೆಳಗೆ ಜಾರದಂತೆ ಹಿಡಿದು, ಹೆಡ್ ಇಳಿಸದೆಯೂ ಬದಲಿಸಬಲ್ಲ ಮೆಕ್ಯಾನಿಕ್‌ಗಳಿದ್ದಾರೆ. ಆದ್ದರಿಂದ ಬಿಚ್ಚಲು ಒಪ್ಪುವ ಮೊದಲು ಕಂಪ್ರೆಶನ್ ಪರೀಕ್ಷೆ ಮಾಡಿಸಲೇಬೇಕು. ಪ್ಲಗ್ ತೆಗೆದ ತೂತಿಗೆ ಗೇಜ್ ಕೂರಿಸಿ ಇಂಜಿನ್ ಸುತ್ತಿಸಿದರೆ ಪ್ರತಿ ಸಿಲಿಂಡರಿನ ಒತ್ತಡ ಗೊತ್ತಾಗುತ್ತದೆ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಆಯಿಲ್ ರಿಂಗಿನ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ, ಒತ್ತಡ ಏರಿದರೆ ದೋಷ ರಿಂಗಿನದು ಅಥವಾ ಬೋರಿನದು. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಇಷ್ಟು ಸರಳ, ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಟ್ಟು ಕಿವಿಯ ಅಂದಾಜಿನ ಮೇಲೆ ಇಂಜಿನ್ ಬಿಚ್ಚುವುದು ಗಾಡಿಯ ಯಜಮಾನನಿಗೆ ಮಾಡುವ ಅನ್ಯಾಯ.

ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಹೊಡೆಯುತ್ತಿದ್ದರೆ ತಕ್ಷಣ ಗಾಡಿ ನಿಲ್ಲಿಸಿ. ಕೂಲೆಂಟ್ ಸಿಲಿಂಡರಿಗೆ ಸೇರುತ್ತಿದೆ. ಒಮ್ಮೆ ವಿಪರೀತ ಕಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಬಿಟ್ಟುಕೊಳ್ಳುತ್ತದೆ. ರೇಡಿಯೇಟರಿನ ನೀರು ಹೊರಗೆಲ್ಲೂ ಸೋರದೆ ಇಳಿಯುವುದು, ಅದರಲ್ಲಿ ಗುಳ್ಳೆ ಏಳುವುದು, ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗುವುದು ಜೊತೆಯ ಲಕ್ಷಣಗಳು. ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದೊಡನೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕಪ್ಪು ಹೊಗೆಗೆ ಅಷ್ಟು ಹೆದರಬೇಕಿಲ್ಲ. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಷ್ಟು ಸಿಗದಾಗ ಮಸಿ. ಕೊಳೆತುಂಬಿದ ಏರ್ ಫಿಲ್ಟರ್, ಸಿಕ್ಕಿಕೊಂಡ ಚೋಕ್, ಕಾರ್ಬೊರೇಟರಿನೊಳಗೆ ಸವೆದ ನೀಡಲ್ ಇವುಗಳನ್ನು ಒಂದೊಂದಾಗಿ ನೋಡಿದರೆ ಸಾಮಾನ್ಯವಾಗಿ ಕಾರಣ ಸಿಕ್ಕಿಬಿಡುತ್ತದೆ.

ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ ಎಂದು ಕೆಲವರು ನಿಶ್ಚಿಂತರಾಗುತ್ತಾರೆ. ಪೆಟ್ರೋಲ್ ಕಾರುಗಳಲ್ಲಿ ಆ ಯಂತ್ರ ಅಳೆಯುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳನ್ನು, ಅದೂ ನಿಂತ ಗಾಡಿಯಲ್ಲಿ. ಘಾಟಿಯ ಬುಡದಲ್ಲಿ ಒಂದೇ ಕ್ಷಣ ಬಂದುಹೋಗುವ ನೀಲಿ ಹೊಗೆ ಅದಕ್ಕೆ ಸಿಗುವುದಿಲ್ಲ. ಹಿಂದಿನ ಗಾಡಿಯಲ್ಲಿ ಒಬ್ಬರನ್ನು ಬರಹೇಳಿ, ಹೊಗೆ ಯಾವ ತಿರುವಿನಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಬರೆದಿಟ್ಟುಕೊಂಡು ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದಂತೆಯೇ.