120 ಮೈಕ್ರಾನ್ ಕವರ್ ಕೊಡಬಹುದಾ? ಅಂಗಡಿಯವರು ತಿಳಿದಿರಬೇಕಾದ ಪ್ಲಾಸ್ಟಿಕ್ ನಿಯಮ

ದಾವಣಗೆರೆ: ‘ಇದು ದಪ್ಪ ಕವರ್, 120 ಮೈಕ್ರಾನ್, ಏನೂ ತೊಂದರೆ ಇಲ್ಲ’ ಅನ್ನೋ ಮಾತು ನಂಬಿ ಬಂಡಲ್ ತರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ವ್ಯಾಪಾರಿಗಳು ಒಮ್ಮೆ ಯೋಚಿಸಬೇಕು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್‌ಗೆ ದಪ್ಪ, ತೆಳು ಅನ್ನೋ ಲೆಕ್ಕವೇ ಇಲ್ಲ.

ಗೊಂದಲ ಯಾಕೆ?

ನಿಯಮ ಎರಡಿವೆ. ಕೇಂದ್ರದ ನಿಯಮದಂತೆ 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗಿಂತ ತೆಳುವಾದ ಕ್ಯಾರಿ ಬ್ಯಾಗ್ ನಿಷೇಧ. ಆದರೆ ರಾಜ್ಯ ಸರ್ಕಾರ ಪರಿಸರ ಸಂರಕ್ಷಣಾ ಕಾಯ್ದೆಯಡಿ 2016ರ ಮಾರ್ಚ್‌ನಲ್ಲೇ ಅಧಿಸೂಚನೆ ಹೊರಡಿಸಿ, ಎಷ್ಟೇ ದಪ್ಪವಿದ್ದರೂ ಕ್ಯಾರಿ ಬ್ಯಾಗ್ ತಯಾರಿಕೆ, ಮಾರಾಟ, ಬಳಕೆ ನಿಷೇಧಿಸಿದೆ. ನಮಗೆ ಅನ್ವಯಿಸೋದು ಈ ಬಿಗಿ ನಿಯಮವೇ.

ಯಾವುದಕ್ಕೆಲ್ಲ ನಿಷೇಧ?

ಕ್ಯಾರಿ ಬ್ಯಾಗ್ ಜೊತೆಗೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್, ಬಂಟಿಂಗ್ಸ್, ಊಟದ ಟೇಬಲ್ ಮೇಲೆ ಹಾಸುವ ಹಾಳೆ ಕೂಡ ಪಟ್ಟಿಯಲ್ಲಿವೆ. ಮದುವೆ, ಜಾತ್ರೆಗೆ ಆರ್ಡರ್ ಹಿಡಿಯುವವರು ಗಮನಿಸಬೇಕು. ಬಟ್ಟೆಯಂತೆ ಕಾಣುವ ನಾನ್‌ವೋವನ್ ಬ್ಯಾಗ್ ಕೂಡ ಪ್ಲಾಸ್ಟಿಕ್‌ನಿಂದಲೇ ಮಾಡಿದ್ದು.

ವಿನಾಯಿತಿ ಯಾವುದಕ್ಕೆ?

ಕಾರ್ಖಾನೆಯಲ್ಲೇ ಸೀಲ್ ಆಗಿ ಬರುವ ಬಿಸ್ಕತ್, ಎಣ್ಣೆ ಪ್ಯಾಕೆಟ್‌ಗಳಿಗೆ ಈ ನಿಷೇಧ ಅನ್ವಯಿಸಲ್ಲ. ಅಂಗಡಿಯಲ್ಲಿ ಅವನ್ನು ಕವರ್‌ಗೆ ಹಾಕಿ ಕೊಟ್ಟರೆ ಮಾತ್ರ ಆ ಕವರ್ ತಪ್ಪು.

ದಂಡ ಎಷ್ಟು?

ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗೆ ಮೊದಲು ಜೈಲು ಶಿಕ್ಷೆಯೂ ಇತ್ತು. 2024ರ ಏಪ್ರಿಲ್‌ನಿಂದ ಅದರ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸ್ಥಳೀಯ ಸಂಸ್ಥೆಯವರು ದಾಳಿ ವೇಳೆ ಹಾಕುವ ದಂಡ ಬೇರೆ. ಸಿಕ್ಕ ಮಾಲೂ ಜಪ್ತಿಯಾಗುತ್ತದೆ.

ಇಷ್ಟು ಬಿಗಿ ಯಾಕೆ?

ರಟ್ಟು, ಬಾಟಲಿ, ಕಬ್ಬಿಣವಾದರೆ ಗುಜರಿಯವರು ಕೊಳ್ಳುತ್ತಾರೆ, ಮತ್ತೆ ಬಳಕೆಗೆ ಬರುತ್ತದೆ. ಎಣ್ಣೆ, ಸಾರು ಮೆತ್ತಿದ ಕವರ್‌ಗೆ ತೂಕವೂ ಇಲ್ಲ, ಬೆಲೆಯೂ ಇಲ್ಲ. ಅದು ಚರಂಡಿ ಕಟ್ಟುತ್ತದೆ, ಇಲ್ಲವೇ ದನದ ಹೊಟ್ಟೆ ಸೇರುತ್ತದೆ. ಹೊನ್ನಾಳಿಯಂಥ ಹೊಳೆ ದಂಡೆಯ ಊರಲ್ಲಿ ಮಳೆಗಾಲ ಬಂದರೆ ತುಂಗಭದ್ರೆಯ ಪಾಲು.

ಈಗೇನು ಮಾಡಬೇಕು?

ಹೊಸ ಬಂಡಲ್ ತರೋದು ನಿಲ್ಲಿಸಿ. ಪೇಪರ್ ಪೊಟ್ಟಣ, ಬಟ್ಟೆ ಚೀಲ ಇಟ್ಟುಕೊಳ್ಳಿ. ‘ಚೀಲ ತನ್ನಿ’ ಅಂತ ಅಂಗಡಿ ಮುಂದೆ ಒಂದು ಬೋರ್ಡ್ ಹಾಕಿ. ಅಂಗಡಿಯ ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಗಾಡಿಗೆ ಕೊಡಿ, ಅದೂ ಕಡ್ಡಾಯ. ಅನುಮಾನ ಇದ್ದರೆ ಮಾಲು ತರುವ ಮೊದಲೇ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಿ. ಗ್ರಾಹಕರೂ ಮನೆಯಿಂದ ಒಂದು ಕೈಚೀಲ ತಂದರೆ ಅಂಗಡಿಯವರ ಅರ್ಧ ತಲೆನೋವು ಕಡಿಮೆಯಾಗುತ್ತದೆ.